ತಮ್ಮನ ಪಕ್ಕದಲ್ಲಿ ಒತ್ತು ಹಿಡಿದವನು

ನಾಗಸ್ವರ ನುಡಿಸುವವನ ಪಕ್ಕದಲ್ಲಿ ಒಂದೇ ಸ್ವರವನ್ನು ಬಿಡದೆ ಊದುತ್ತಾ ನಿಲ್ಲುವವನೊಬ್ಬ ಇರುತ್ತಾನೆ. ಅವನ ಕೈಯಲ್ಲಿರುವ ಉದ್ದದ ಕೊಳವೆಗೆ ಒತ್ತು ಎನ್ನುತ್ತೇವೆ. ಅದರಲ್ಲಿ ಬೆರಳಾಡಿಸಲು ತೂತುಗಳಿಲ್ಲ. ಕೆನ್ನೆಯಲ್ಲಿ ಗಾಳಿ ತುಂಬಿಕೊಂಡು, ಮೂಗಿನಿಂದ ಉಸಿರೆಳೆದುಕೊಂಡು, ಸ್ವರ ಮುರಿಯದ ಹಾಗೆ ನೋಡಿಕೊಳ್ಳುವುದಷ್ಟೇ ಕೆಲಸ. ಕುಂದಾಪುರದ ಕಡೆಯ ಮದುವೆಗಳಿಗೆ ಹೋದವರು ಅವನನ್ನು ನೋಡಿರುತ್ತೀರಿ. ಮುಖ ಮಾತ್ರ ನೆನಪಿರಲಿಕ್ಕಿಲ್ಲ. ಮೀಸೆ ಮೂಡಿದ ಕಾಲದಿಂದ ಅರವತ್ತರ ಹತ್ತಿರ ಬರುವವರೆಗೆ ಆ ಕೆಲಸ ಮಾಡಿದವನು ನಾನು. ನಾಗಸ್ವರ ನುಡಿಸುತ್ತಿದ್ದವನು ನನ್ನ ತಮ್ಮ.

ಅಮ್ಮ ಅವನನ್ನು ಹೆತ್ತಾಗ ನಾನು ಬೈಂದೂರಿನಲ್ಲಿ ಹೈಸ್ಕೂಲಿಗೆ ಹೋಗುತ್ತಿದ್ದೆ. ಎಸೆಸೆಲ್ಸಿ ಮುಗಿಸಿ ಅಪ್ಪನ ಪಕ್ಕದಲ್ಲಿ ಒತ್ತು ಹಿಡಿದು ನಿಂತೆ. ಅಪ್ಪನ ನಂತರ ನಾಗಸ್ವರ ನನ್ನ ಕೈಗೇ ಬರುತ್ತದೆ ಎಂದು ತಿಳಿದಿದ್ದೆ. ಹಿರಿಯ ಮಗ, ಅಷ್ಟು ವರ್ಷ ಜೊತೆಗೆ ನಿಂತವನು, ಬೇರೆ ಯಾರಿಗೆ ಬರಬೇಕು? ಆದರೆ ತಮ್ಮನಿಗೆ ಇನ್ನೂ ಸರಿಯಾಗಿ ಮೀಸೆ ಬಂದಿರದ ಪ್ರಾಯದಲ್ಲಿ ಅಪ್ಪ ಜಗಲಿಯಲ್ಲಿ ಅದನ್ನು ಅವನ ಮಡಿಲಲ್ಲಿ ಇಟ್ಟರು. ನನ್ನ ಮುಖ ನೋಡಿ ಹೇಳಿದರು: "ನಿಂಗ್ ಉಸ್ರಿತ್ತ್ ಮಗಾ, ಬೆರ್ಳಿಲ್ಲೆ. ಅವ್ನಿಗ್ ಬೆರ್ಳಿತ್ತ್."

ಅಪ್ಪ ಹೇಳಿದ್ದು ಸರಿಯೇ ಆಗಿತ್ತು. ಅದಕ್ಕೇ ಅದು ಮಾಸಲಿಲ್ಲ. ಸುಳ್ಳಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ.

ತಮ್ಮನ ಬೆರಳುಗಳು ನಾಗಸ್ವರದ ಮೇಲೆ ಇಳಿಯುವುದನ್ನು ನನ್ನಷ್ಟು ಹತ್ತಿರದಿಂದ ಯಾರೂ ನೋಡಿಲ್ಲ. ಸ್ವರ ಬದಲಾಗುವ ಮೊದಲೇ ಯಾವ ಬೆರಳು ಏಳುತ್ತದೆಂದು ನನಗೆ ತಿಳಿಯುತ್ತಿತ್ತು. ಮದುವೆ ಮನೆಯವರು ಅವನಿಗೆ ಶಾಲು ಹೊದಿಸುವಾಗ ನಾಗಸ್ವರವನ್ನು ನಾನು ಹಿಡಿದುಕೊಂಡಿರುತ್ತಿದ್ದೆ. ಮೊಬೈಲಿನಲ್ಲಿ ವೀಡಿಯೋ ಮಾಡುವ ಕಾಲ ಬಂದಮೇಲೆ ಅವನು ನುಡಿಸಿದ್ದು ಶಿರೂರಿನಿಂದ ಬ್ರಹ್ಮಾವರದವರೆಗೆ ಹರಿದಾಡಿತು. ಆ ವೀಡಿಯೋಗಳಲ್ಲಿ ನನ್ನದು ಎಂದು ಇರುತ್ತಿದ್ದದ್ದು ಒಂದು ಮೊಣಕೈ. ನನ್ನ ಹೆಂಡತಿಯೇ ಒಮ್ಮೆ ಅದನ್ನು ನೋಡುತ್ತಾ, "ಮೈದ್ನ ಎಷ್ಟ್ ಚೆಂದ ಊದ್ತ್ರ್ ಕಾಣಿ, ನೀವೂ ಅಲ್ಲೇ ಇದ್ರಿಯಾ?" ಎಂದು ಕೇಳಿದ್ದಳು.

ಒತ್ತಿನ ಬದಲು ಶ್ರುತಿ ಪೆಟ್ಟಿಗೆ ಬಂತು. ಕರೆಂಟಿಗೆ ಹಾಕಿದರೆ ಇಡೀ ದಿನ ಒಂದೇ ಸ್ವರ ಹೇಳುವ ಪೆಟ್ಟಿಗೆ. ಬೇರೆ ಮೇಳದವರೆಲ್ಲ ತೆಗೆದುಕೊಂಡರು. ನಮ್ಮ ಮೇಳದಲ್ಲಿ ಡೋಲು ಬಾರಿಸುತ್ತಿದ್ದವನು ನಮ್ಮ ಅಕ್ಕನ ಗಂಡ, ಬಾಯಿ ಬಹಳ. ಅವನು ನನ್ನ ಎದುರೇ ತಮ್ಮನಿಗೆ ಹೇಳಿದ: "ಪೆಟ್ಗಿ ತಕೊ ಮಾರಾಯ. ಅದ್ಕೆ ಊಟ ಹಾಕೂದ್ ಬ್ಯಾಡ, ಬೀಡಿ ಬ್ಯಾಡ, ಮೋರೆ ದಪ್ಪ ಮಾಡ್ಕಂಡ್ ನಿಂತ್ಕಣೂದೂ ಇಲ್ಲೆ." ತಮ್ಮ ನಗುತ್ತಾ, "ಅಣ್ಣಯ್ಯ ಇದ್ದ ಅಲ್ದಾ, ಪೆಟ್ಗಿ ಎಂತಕೆ?" ಎಂದ. ಬೇರೆಯವನಾದರೆ ಆ ಮಾತಿಗೆ ಕರಗಿಹೋಗುತ್ತಿದ್ದ. ನನಗೆ ಅದು ಭಿಕ್ಷೆ ಹಾಕಿದ ಹಾಗೆ ಕೇಳಿಸಿತು.

ಹೊಟ್ಟೆಕಿಚ್ಚು ಇರುವವನಿಗೆ ಕಣ್ಣು, ಕಿವಿ ಎರಡೂ ಚುರುಕು. ಹಾಗಾಗಿ ಅವನ ಮೈಯಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಕಂಡುಕೊಂಡವನು ನಾನೇ. ಎತ್ತರದ ಸ್ವರವನ್ನು ಹಿಡಿದು ನಿಲ್ಲಿಸಿದಾಗ ಅವನ ಕಣ್ಣು ಒಮ್ಮೆ ಮುಚ್ಚಿಹೋಗುತ್ತಿತ್ತು. ಸ್ವರ ಬಿಟ್ಟ ಕೂಡಲೇ ಎಡಗೈ ಕುತ್ತಿಗೆಯ ಹಿಂಭಾಗಕ್ಕೆ, ತಲೆಬುರುಡೆ ಮುಗಿಯುವ ಕಡೆ ಹೋಗುತ್ತಿತ್ತು. ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಸರಿಯಾಗುತ್ತಿತ್ತು. ಕೆಮ್ಮಿದರೂ ಹಾಗೆ. ಡೋಲಿನ ಬಾವ ಏನಾದರೂ ಹೇಳಿ ನಗಿಸಿದರೂ ಹಾಗೆ. ಆಮೇಲಾಮೇಲೆ ಅವನು ಬಾವನ ಮಾತಿಗೆ ನಗುವುದನ್ನೇ ಬಿಟ್ಟ. ಊದುವಾಗ ನೋವು, ನಿಲ್ಲಿಸಿದರೆ ಇಲ್ಲ. ಇದು ನಮ್ಮಿಬ್ಬರಿಗೆ ಮಾತ್ರ ಗೊತ್ತಿತ್ತು. ನನಗೆ ಗೊತ್ತಿದೆ ಎಂಬುದು ಅವನಿಗೂ ಗೊತ್ತಿತ್ತು.

ಉಳಿದದ್ದು ಒಂದೊಂದಾಗಿ ಬಂತು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ. ಕಿವಿಯಲ್ಲಿ ಕೊಂಯ್ ಎನ್ನುವ ಶಬ್ದ. ಬಿಕ್ಕಳಿಕೆ ಹಿಡಿದರೆ ಗಂಟೆಗಟ್ಟಲೆ ನಿಲ್ಲುತ್ತಿರಲಿಲ್ಲ. ಗಂಜಿ ಕುಡಿಯುವಾಗ ಮೂಗಿಗೆ ಏರುತ್ತಿತ್ತು. ಕತ್ತಲಲ್ಲಿ ನಡೆದರೆ ಗೋಡೆ ಹಿಡಿಯಬೇಕು. ಎಡಗೈ ಜೋಮು. ಹೊಟ್ಟೆಯ ಡಾಕ್ಟರು ಗ್ಯಾಸ್ ಎಂದರು. ಕಣ್ಣಿನವರು ಕನ್ನಡಕ ಕೊಟ್ಟರು. ಮೂಳೆಯವರು ಕುತ್ತಿಗೆಗೆ ಪಟ್ಟಿ ಹಾಕಿದರು. ಎಲ್ಲೂ ಏನೂ ಸಿಗದಾಗ ಒಬ್ಬರು ಟೆನ್ಶನ್ ಎಂದು ನಿದ್ರೆಯ ಮಾತ್ರೆ ಬರೆದುಕೊಟ್ಟರು. ನಡುವೆ ದೈವ ಮೈಮೇಲೆ ಬರುವ ದರ್ಶನದ ಪಾತ್ರಿಯ ಹತ್ತಿರವೂ ಹೋಗಿ ಬಂದದ್ದಾಯಿತು. ಮೇಳದವರು, "ಪೀಪಿ ಗಟ್ಟಿ ಆಯಿರ್ಕ್, ಬದಲ್ಸ್" ಎಂದರು. ಬಾಯಿಗಿಡುವ ಪೀಪಿ ಗಟ್ಟಿಯಾದರೆ ಊದುವವನಿಗೆ ತಲೆನೋವು ಬರುವುದು ನಮ್ಮಲ್ಲಿ ಮಾಮೂಲು. ಅವನು ಪೀಪಿ ಮೇಲೆ ಪೀಪಿ ಬದಲಿಸಿದ.

ಈಗ ನಾನು ಹೇಳಬೇಕಾದ ಜಾಗಕ್ಕೆ ಬಂದೆ. ಕುಂದಾಪುರದಲ್ಲಿ ಕಿವಿಯ ಡಾಕ್ಟರೊಬ್ಬರಿದ್ದರು. ತಾಳ್ಮೆಯವರು. ಅವನ ಕೆಲಸ ಏನೆಂದು ಕೇಳಿ ತಿಳಿದುಕೊಂಡು, "ಊದುವಾಗ ಏನಾದರೂ ಆಗುತ್ತದಾ? ನೋವು, ತಲೆ ತಿರುಗುವುದು?" ಎಂದು ಕೇಳಿದರು. ಅಷ್ಟು ಡಾಕ್ಟರುಗಳಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. ತಮ್ಮ ತಡೆಯದೆ "ಇಲ್ಲ" ಎಂದ. ಹೌದು ಎಂದರೆ ಊದಬೇಡ ಎನ್ನುತ್ತಾರೆಂಬ ಹೆದರಿಕೆ ಅವನಿಗೆ. ಡಾಕ್ಟರು ನನ್ನ ಕಡೆ ತಿರುಗಿದರು. "ನೀವು ಪಕ್ಕದಲ್ಲೇ ಇರುವವರಲ್ಲವಾ? ನೀವೇನಾದರೂ ಗಮನಿಸಿದ್ದೀರಾ?"

"ಎಂತ ಇಲ್ಲ" ಎಂದೆ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ತಮ್ಮ ನನ್ನ ಕೈ ಹಿಡಿದು ಅಮುಕಿದ. "ನೀ ಹೇಳ್ದೇ ಇದ್ದದ್ದಕ್ಕೆ ಉಳ್ದೆ ಅಣ್ಣಯ್ಯ" ಎಂದ. ಅವನಿಗೆ ಊದುವುದು ತಪ್ಪಬಾರದು ಎಂದು ನಾನೂ ಸುಳ್ಳು ಹೇಳಿದೆ ಎಂದು ಅವನು ತಿಳಿದುಕೊಂಡ.

ನಾನು ಹೇಳದೆ ಇದ್ದದ್ದಕ್ಕೆ ಕಾರಣ ಬೇರೆ. ಕಾಯಿಲೆ ಎಂದು ನಿಲ್ಲಿಸಿದರೆ ಊರೆಲ್ಲ ಅಯ್ಯೋ ಎನ್ನುತ್ತದೆ, ಎಂಥ ವಾದ್ಯಗಾರ ಹೀಗಾದನಲ್ಲ ಎಂದು ಸಾಯುವವರೆಗೆ ಹೇಳುತ್ತಾರೆ. ಅವನು ಹಾಗೆ ನಿಲ್ಲುವುದು ನನಗೆ ಬೇಕಿರಲಿಲ್ಲ. ಅವನು ತಪ್ಪಿ ತಪ್ಪಿ, ಜನ ಮುಖ ತಿರುಗಿಸಿದ ಮೇಲೆ ನಿಲ್ಲಬೇಕಿತ್ತು. ಈಗಾಗಲೇ ಎಡಗೈಯ ಬೆರಳು ತೂತನ್ನು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸ್ವರ ಒಂದು ಕೂದಲಿನಷ್ಟು ಸರಿದು ಕೂರುತ್ತಿತ್ತು. ಕೇಳುವವರಿಗೆ ಇನ್ನೂ ಗೊತ್ತಾಗಿರಲಿಲ್ಲ. ನನಗೆ ಗೊತ್ತಾಗುತ್ತಿತ್ತು. ಆಗೆಲ್ಲ ನನ್ನ ಎದೆಯೊಳಗೆ ಏನೋ ತಂಪಾಗುತ್ತಿತ್ತು.

ಬ್ರಹ್ಮಾವರದ ಹಾಲ್ ಒಂದರಲ್ಲಿ ಮದುವೆ. ಧಾರೆಯ ಹೊತ್ತಿಗೆ ವಾದ್ಯ ಜೋರಾಗಬೇಕು, ಯಾರಾದರೂ ಸೀನಿದರೂ ಕೇಳಿಸಬಾರದು. ಸರಿಯಾಗಿ ಆಗಲೇ ತಮ್ಮನ ಸ್ವರ ಹರಿದುಹೋಯಿತು. ಆ ಗಳಿಗೆಯಲ್ಲಿ ಸ್ವರವೆಂದು ಉಳಿದದ್ದು ನನ್ನ ಒತ್ತು ಒಂದೇ. ಆಮೇಲೆ ವೇದಿಕೆಯ ಮೆಟ್ಟಿಲು ಇಳಿಯುವಾಗ ಅವನು ವಾಲಿ ಬಾಳೆಯ ಕಂಬವನ್ನು ತಬ್ಬಿಕೊಂಡ. ಹುಡುಗಿಯ ಕಡೆಯ ಹೆಂಗಸರು ನಕ್ಕರು. ಹಾಲಿನ ಉಸ್ತುವಾರಿ ನೋಡುವವನು ನನ್ನನ್ನು ಪಕ್ಕಕ್ಕೆ ಕರೆದ.

"ಹ್ವಾಯ್, ನಿಮ್ಮ್ ತಮ್ಮ ಎಂತ, ಬೆಳಿಗ್ಗೆಯೇ ಹಾಕ್ಕಂಡ್ ಬಂದಿರಾ?"

ಇಲ್ಲ ಎನ್ನಲಿಲ್ಲ. ಹೌದು ಎಂದೂ ಹೇಳಲಿಲ್ಲ. ಕುಡುಕನ ಅಣ್ಣ ಹೇಗೆ ತಲೆ ತಗ್ಗಿಸುತ್ತಾನೋ ಹಾಗೆ ತಗ್ಗಿಸಿದೆ. ಅವನು ನನ್ನ ಬೆನ್ನು ತಟ್ಟಿ, "ನಿಮ್ಮ್ ಕಷ್ಟ ನಂಗೊತ್ತಾತ್ತ್" ಎಂದ. ಯಾರೋ ನನ್ನ ಕಷ್ಟ ಅರ್ಥ ಮಾಡಿಕೊಂಡರಲ್ಲ ಎಂದು ನನಗೆ ನಿಜವಾಗಿಯೂ ಕಣ್ಣು ತುಂಬಿತು.

ಆ ಮಾತು ನಮಗಿಂತ ಮೊದಲು ಬೈಂದೂರು ಮುಟ್ಟಿತು. ಒಂದು ದಿನ ತಮ್ಮನ ಹೆಂಡತಿ ನಮ್ಮ ಮನೆಯ ಬಾವಿಕಟ್ಟೆಯ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಬಾವ, ನೀವ್ ಒಟ್ಟಿಗೇ ಇರ್ತ್ರಿ ಅಲ್ದಾ. ಅವ್ರ್ ಕುಡಿತ್ರಾ?"

"ನಾ ಕಂಡಂಗೆ ಕುಡಿಲಿಲ್ಲೆ" ಎಂದೆ.

ಮಾತಿನಲ್ಲಿ ತಪ್ಪಿಲ್ಲ. ಆದರೆ ನಾನು ಹೇಳಿದ ರೀತಿಗೆ ಅವಳು ಅಂದಿನಿಂದ ಅವನು ಮನೆಗೆ ಬಂದ ಕೂಡಲೇ ಬಾಯಿ ಮೂಸುತ್ತಿದ್ದಳಂತೆ. ಇದನ್ನು ತಮ್ಮನೇ ನನಗೆ ಹೇಳಿದ, ನಗುತ್ತಾ. ನಗುವಾಗಲೂ ಅವನ ಕೈ ಕುತ್ತಿಗೆಯ ಹಿಂದೆ ಇತ್ತು.

ವಂಡ್ಸೆಯಲ್ಲಿ ಒಂದು ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆವು. ಹಿಂದಿನ ಅಂಗಳದಲ್ಲಿ ಅಡುಗೆ. ತಮ್ಮ ಚಾ ಕೇಳಲು ಹೋಗಿ, ಒಲೆಯ ಮೇಲಿದ್ದ ದೊಡ್ಡ ಪಾತ್ರೆಯ ಅಂಚಿಗೆ ಎಡಗೈ ಊರಿ ನಿಂತು ಅಡುಗೆಯವರ ಜೊತೆ ಮಾತಾಡುತ್ತಿದ್ದ. ಮೊದಲು ವಾಸನೆ ಬಂತು. ಅಡುಗೆಯವನು, "ಹ್ವಾಯ್! ಕೈ! ಕೈ ತೆಗಿನಿ!" ಎಂದು ಕೂಗಿದ. ತಮ್ಮ, ಯಾರ ಕೈ ಎನ್ನುವ ಹಾಗೆ ಸುತ್ತ ನೋಡಿದ. ನಾನು ಓಡಿ ಅವನ ಕೈ ಎಳೆದೆ. ಅಂಗೈಯ ಚರ್ಮ ಪಾತ್ರೆಗೆ ಅಂಟಿತ್ತು.

"ಉರಿತಿಲ್ಯನಾ?" ಎಂದು ಕೇಳಿದೆ.

"ಇಲ್ಯಲ" ಎಂದ. ಅಂಗೈಯನ್ನು ಬೇರೆ ಯಾರದ್ದೋ ಎನ್ನುವ ಹಾಗೆ ನೋಡುತ್ತಿದ್ದ. ಅಪ್ಪ ಹೇಳಿದ ಬೆರಳುಗಳು. ಅವು ಬೆಂಕಿಯ ಮೇಲಿದ್ದವು, ಅವುಗಳ ಒಡೆಯನಿಗೆ ಗೊತ್ತೇ ಇರಲಿಲ್ಲ. ಅಷ್ಟು ದಿನ ನಾನು ಬಯಸಿದ್ದು ಇದನ್ನಲ್ಲ ಎಂದು ಹೇಳಬಹುದಿತ್ತು. ಆದರೆ ಇದನ್ನಲ್ಲದೆ ಬೇರೆ ಏನನ್ನು ಬಯಸಿದ್ದೆ?

ಸುಟ್ಟ ಕೈಗೆ ಔಷಧಿ ಹಾಕಿದವರು ನರದ ಡಾಕ್ಟರಿಗೆ ತೋರಿಸಲೇಬೇಕು ಎಂದರು. ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿನ ನರದ ಡಾಕ್ಟರು ನಡುವಯಸ್ಸಿನ ಹೆಂಗಸು, ಹೆಚ್ಚು ಮಾತಿಲ್ಲ. ತಮ್ಮನಿಗೆ ಕಣ್ಣು ಮುಚ್ಚಲು ಹೇಳಿ ಹತ್ತಿ ತಾಗಿಸಿದರು. ತಾಗಿದ್ದು ಗೊತ್ತಾಯಿತು. ಎರಡು ಗಾಜಿನ ನಳಿಗೆಗಳಲ್ಲಿ ಬಿಸಿನೀರು, ತಣ್ಣೀರು ತುಂಬಿ ಒಂದಾದ ಮೇಲೊಂದು ಇಟ್ಟರು. "ಎರಡೂ ಒಂದೇ" ಎಂದ. ಕಣ್ಣುಗುಡ್ಡೆ ನೋಡಿದರು, ಗಂಟಲಿನಲ್ಲಿ ಕಡ್ಡಿ ಹಾಕಿ ನೋಡಿದರು, ಹಗ್ಗದ ಮೇಲೆ ನಡೆಯುವವನ ಹಾಗೆ ಹೆಜ್ಜೆಗೆ ಹೆಜ್ಜೆ ಕೂಡಿಸಿ ನಡೆಸಿದರು. ಕೊನೆಗೆ, "ಒಮ್ಮೆ ಜೋರಾಗಿ ಕೆಮ್ಮಿ" ಎಂದರು. ಕೆಮ್ಮಿದ. ಕೈ ತಾನಾಗಿ ಕುತ್ತಿಗೆಯ ಹಿಂದೆ ಹೋಯಿತು.

"ಈ ನೋವು ಯಾವಾಗ ಬರುತ್ತದೆ?"

"ಯಾವಾಗ್ಲೂ ಇರ್ತದೆ" ಎಂದ ತಮ್ಮ, ನನ್ನ ಮುಖ ನೋಡುತ್ತಾ. ಕಾಪಾಡು ಎನ್ನುವ ನೋಟ ಅದು.

ಡಾಕ್ಟರು ಅವನ ನೋಟದ ಹಿಂದೆಯೇ ನನ್ನತ್ತ ತಿರುಗಿದರು. ಏನೂ ಕೇಳಲಿಲ್ಲ, ಕಾದರು. ಆ ಹೊತ್ತಿನಲ್ಲೂ ನನ್ನ ಮನಸ್ಸಿಗೆ ಬಂದದ್ದು, ಇನ್ನು ಇವನನ್ನು ಊರೆಲ್ಲ ಹೊತ್ತು ಮೆರೆಸುತ್ತದೆ ಎಂಬ ಮಾತೇ. ಆದರೆ ಬ್ಯಾಂಡೇಜು ಸುತ್ತಿದ ಕೈ ಕಣ್ಣೆದುರು ಇತ್ತು.

"ಊದುವಾಗ ಬರುತ್ತದೆ" ಎಂದೆ. "ಮೇಲಿನ ಸ್ವರ ಹಿಡಿದಾಗ. ನಿಲ್ಲಿಸಿದರೆ ಹೋಗುತ್ತದೆ. ಕೆಮ್ಮಿದರೆ, ಸೀನಿದರೆ, ನಕ್ಕರೂ ಬರುತ್ತದೆ. ಬಹಳ ವರ್ಷ ಆಯಿತು."

ತಮ್ಮ ತಲೆ ತಗ್ಗಿಸಿದ. ಡಾಕ್ಟರು ಪೆನ್ನು ಕೆಳಗಿಟ್ಟರು. "ಇದನ್ನು ಮೊದಲೇ ಯಾರಿಗೂ ಹೇಳಲಿಲ್ಲವಾ?" ಎಂದರು.

ಅವನನ್ನು ದೊಡ್ಡ ಕೊಳವೆಯಂಥ ಯಂತ್ರದೊಳಗೆ ಮಲಗಿಸಿ ಸ್ಕ್ಯಾನ್ ಮಾಡಿದರು. ಮರುದಿನ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ತಲೆಬುರುಡೆಯ ತಳದಲ್ಲಿ ಒಂದು ತೂತು ಇರುತ್ತದೆ, ಬೆನ್ನಿನ ನರದ ಬಳ್ಳಿ ಇಳಿಯುವುದು ಅದರಿಂದ. ಮೆದುಳಿನ ಹಿಂದೆ, ಕೆಳಗೆ ಚಿಕ್ಕ ಮೆದುಳು. ತಮ್ಮನಿಗೆ ಅದರ ತುದಿ ಹುಟ್ಟಿದಾಗಿನಿಂದಲೂ ಆ ತೂತಿನೊಳಗೆ ಇಳಿದು ಕೂತಿದೆ. ಮೆದುಳಿನ ಸುತ್ತ ಹರಿಯುವ ನೀರಿಗೆ ದಾರಿ ಸಾಲುವುದಿಲ್ಲ. ಉಸಿರು ಬಿಗಿಹಿಡಿದಾಗ, ಊದಿದಾಗ, ಕೆಮ್ಮಿದಾಗ ಒತ್ತಡ ಏರಿ ಅದು ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ದಾರಿ ಸಿಗದ ನೀರು ಬೆನ್ನಿನ ನರದ ಒಳಗೇ ಗುಳ್ಳೆಯಾಗಿ ತುಂಬಿಕೊಂಡು, ಬಿಸಿ, ನೋವು ತಿಳಿಸುವ ಎಳೆಗಳನ್ನು ಒಳಗಿನಿಂದ ತಿಂದುಹಾಕಿದೆ. ಬಿಕ್ಕಳಿಕೆ, ಕಿವಿಯ ಶಬ್ದ, ಮೂಗಿಗೆ ಏರುವ ಗಂಜಿ, ಕತ್ತಲಲ್ಲಿ ಗೋಡೆ ಹಿಡಿಯುವುದು, ಎಲ್ಲವೂ ಆ ಒಂದೇ ಬೆರಳಗಲದ ಜಾಗದಿಂದ. ಅದಕ್ಕೊಂದು ಇಂಗ್ಲಿಷ್ ಹೆಸರು ಹೇಳಿದರು. ನನಗೆ ಪೀಪಿ ಕೊಳವೆಯ ಬಾಯಲ್ಲಿ ಸಿಕ್ಕಿಕೊಂಡದ್ದೇ ಕಣ್ಣಿಗೆ ಕಟ್ಟಿತು.

"ಮೊದಲೇ ಬಂದಿದ್ದರೆ?" ಎಂದು ಕೇಳಿದವಳು ತಮ್ಮನ ಹೆಂಡತಿ.

"ಬೆರಳು ಉಳಿಯುತ್ತಿತ್ತು ಎಂದು ಖಂಡಿತ ಹೇಳಲಾರೆ. ಉಳಿಯುವ ಸಾಧ್ಯತೆ ಹೆಚ್ಚಿತ್ತು" ಎಂದರು ಡಾಕ್ಟರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನ ಬಾಯಿ ಮೂಸುತ್ತಿದ್ದವಳು.

ಆಪರೇಷನ್ನಿಗೆ ಮೊದಲು ಅವನನ್ನು ನೋಡಲು ಜನ ಬಂದರು. ಬ್ರಹ್ಮಾವರದ ಹಾಲಿನ ಉಸ್ತುವಾರಿಯವನೂ ಕಿತ್ತಳೆ ಹಿಡಿದುಕೊಂಡು ಬಂದ. ಕಲಿಯುವ ಡಾಕ್ಟರುಗಳು ಮಂಚದ ಸುತ್ತ ನಿಂತು ಅವನ ಕೈ ನೋಡಿದರು, ಕಣ್ಣು ನೋಡಿದರು. ಡೋಲಿನ ಬಾವ ನನ್ನ ಕಿವಿಯಲ್ಲಿ, "ಕಾಯ್ಲೆಯೂ ಕಾಣ್, ನಿನ್ನ್ ತಮ್ಮಂಗ್ ಸಿಕ್ಕದ್ದ್ ಫಸ್ಟ್ ಕ್ಲಾಸಿಂದ್. ನಮ್ಗೆಲ್ಲ ಬರೀ ಗ್ಯಾಸ್" ಎಂದ. ನಾನು ನಕ್ಕೆ. ನಕ್ಕರೂ ಅವನು ಹೇಳಿದ್ದು ನಾನು ಅದೇ ಹೊತ್ತಿಗೆ ಯೋಚಿಸುತ್ತಿದ್ದದ್ದನ್ನೇ. ತಮ್ಮನ ತಲೆಬುರುಡೆ ಕೊರೆಯಲಿದ್ದರು, ನನಗೆ ಅವನ ಕಾಯಿಲೆಯ ಮೇಲೂ ಹೊಟ್ಟೆಕಿಚ್ಚು.

ತಲೆಯ ಹಿಂದಿನ ಮೂಳೆಯನ್ನು ಸ್ವಲ್ಪ ತೆಗೆದು ದಾರಿ ಬಿಡಿಸಿದರು. ನೋವು ಹೋಯಿತು. ಗಂಜಿ ಸರಿಯಾಗಿ ಇಳಿಯಿತು, ನಡಿಗೆ ನೆಟ್ಟಗಾಯಿತು. ಎಡಗೈಯ ಎರಡು ಬೆರಳಿಗೆ ಮಾತ್ರ ಜೀವ ಬರಲಿಲ್ಲ. ಮತ್ತೆ ಊದುವ ಹಾಗಿಲ್ಲ ಎಂದೂ ಹೇಳಿ ಕಳಿಸಿದರು.

ಒಪ್ಪಿಕೊಂಡ ಮದುವೆಗಳಿದ್ದವು. ನಾಗಸ್ವರ ನಾನು ಹಿಡಿದೆ. ಮನೆಯಲ್ಲಿ ಯಾರೂ ಇಲ್ಲದಾಗ ವರ್ಷಗಟ್ಟಲೆ ಕದ್ದು ಅಭ್ಯಾಸ ಮಾಡಿದ್ದೆ. ನನ್ನ ಪಕ್ಕದಲ್ಲಿ, ನಾನು ನಿಲ್ಲುತ್ತಿದ್ದ ಜಾಗದಲ್ಲಿ, ಸ್ಟೂಲಿನ ಮೇಲೆ ಶ್ರುತಿ ಪೆಟ್ಟಿಗೆ. ನಾನು ನುಡಿಸುತ್ತಿದ್ದ ಅಷ್ಟು ಹೊತ್ತೂ ಹಾಲಿನಲ್ಲಿ ಜನ ಮಾತಾಡುತ್ತಿದ್ದರು. ಒಬ್ಬನೂ ಮೊಬೈಲ್ ಎತ್ತಲಿಲ್ಲ. ಅಪ್ಪ ಹೇಳಿದ್ದನ್ನು ಅಂದು ನನ್ನ ಕಿವಿಯಿಂದಲೇ ಕೇಳಿಸಿಕೊಂಡೆ. ಆ ಸೀಸನ್ ಮುಗಿದ ಮೇಲೆ ನಾಗಸ್ವರವನ್ನು ಒರೆಸಿ ತಮ್ಮನ ಮನೆಗೆ ಒಯ್ದು ಕೊಟ್ಟೆ.

ಅವನು ಜಗಲಿಯಲ್ಲಿ ಕೂತಿದ್ದ. ನಾಗಸ್ವರವನ್ನು ಮಡಿಲಲ್ಲಿ ಇಟ್ಟುಕೊಂಡು ಬಲಗೈಯಿಂದ ತೂತುಗಳನ್ನು ಮುಟ್ಟಿ ನೋಡಿದ. ನನ್ನಿಂದ ತಡೆಯಲಾಗಲಿಲ್ಲ.

"ಅವತ್ತ್ ಕುಂದಾಪ್ರದ ಕೆಮಿ ಡಾಕ್ಟ್ರ ಹತ್ರ ನಾ ಸುಮ್ನಾದ್ದ್ ನಿನ್ನ್ ಉಳ್ಸುಕಲ್ಲ" ಎಂದೆ. "ನೀ ಎಲ್ಲರೆದ್ರಿಗ್ ಸ್ವರ ತಪ್ಪ್‌ಬೇಕ್ ಅಂದೇಳಿ."

ಅವನು ಬಲಗೈಯನ್ನು ನಾಗಸ್ವರದಿಂದ ತೆಗೆದ. ಆಮೇಲೆ, "ಹೊಟ್ಟಿಕಿಚ್ಚ್ ಇತ್ತ್ ಅಂದೇಳಿ ಗೊತ್ತಿತ್ತ್ ಅಣ್ಣಯ್ಯ. ನಾ ತಪ್ದಾಗೆಲ್ಲ ನಿನ್ನ್ ಒತ್ತ್ ಗಟ್ಟಿ ಆತಿತ್ತ್" ಎಂದ.

ನಾನು ಹಾಗೆ ಮಾಡುತ್ತಿದ್ದೆ ಎಂದು ನನಗೇ ಗೊತ್ತಿರಲಿಲ್ಲ.

"ಗೊತ್ತಿದ್ದೂ ಪೆಟ್ಗಿ ಎಂತಕ್ ತಕಣ್ಲಿಲ್ಲೆ?"

"ಪೆಟ್ಗಿಗ್ ಕೆಮಿ ಇಲ್ಲೆ, ಅದ್ ಕೇಂತಿಲ್ಲೆ. ನಿನ್ನಷ್ಟ್ ಕೆಮಿ ಕೊಟ್ಟ್ ನನ್ನ್ ಊದೂದ್ ಕೇಂಬರ್ ಯಾರಿದ್ರ್?" ಎಂದ. ಮತ್ತೆ ನಿಧಾನವಾಗಿ, "ಆರೆ ಡಾಕ್ಟ್ರ ಸಂಗ್ತಿ ನಂಗ್ ಗೊತ್ತಿರ್ಲಿಲ್ಲೆ" ಎಂದು ಎದ್ದು ಒಳಗೆ ಹೋದ. ಬಾಗಿಲು ಹಾಕಿಕೊಳ್ಳಲಿಲ್ಲ, ತಿರುಗಿಯೂ ನೋಡಲಿಲ್ಲ.

ಆ ಮಳೆಗಾಲ ಪೂರ್ತಿ ಅವನು ನಮ್ಮ ಮನೆಯ ಕಡೆ ಬರಲಿಲ್ಲ. ಎರಡು ಮನೆಗೆ ನಡುವೆ ಒಂದು ಗದ್ದೆ ಅಷ್ಟೇ. ನಾನು ಹೋಗಿ ಕರೆಯಲೂ ಇಲ್ಲ. ಯಾವ ಮುಖ ಹೊತ್ತು ಕರೆಯಲಿ?

ಗದ್ದೆ ಹಳದಿಯಾಗುವ ಕಾಲಕ್ಕೆ, ಒಂದು ಮಧ್ಯಾಹ್ನ, ಅವನೇ ಬಂದ. ಚಾಪೆಯ ಮೇಲೆ ಕೂತ. "ಒತ್ತ್ ಹಿಡಿ" ಎಂದ, ಅಷ್ಟೇ. ಅಟ್ಟದಿಂದ ತೆಗೆದು ಧೂಳು ಝಾಡಿಸಿ ಊದಲು ಶುರು ಮಾಡಿದೆ. ಮೊದಲು ಉಸಿರು ಹಿಡಿತಕ್ಕೆ ಬರಲಿಲ್ಲ, ಆಮೇಲೆ ಬಂತು. ಅವನು ತಗ್ಗಿದ ದನಿಯಲ್ಲಿ, ಕುತ್ತಿಗೆಗೆ ಏನೂ ಆಗದ ಹಾಗೆ, ಗುನುಗಲು ತೊಡಗಿದ. ಅಪ್ಪ ಕಲಿಸಿದ್ದೇ. ಎಡಗೈ ತೊಡೆಯ ಮೇಲೆ ಬಿದ್ದಿತ್ತು, ಬಲಗೈಯ ಬೆರಳುಗಳು ಗಾಳಿಯಲ್ಲಿ ಏಳುತ್ತಿದ್ದವು. ಬರೀ ಗುನುಗಿದರೂ ನನ್ನ ನಾಗಸ್ವರಕ್ಕಿಂತ ನೂರು ಪಾಲು ಮೇಲು. ಕಿಚ್ಚು ಹೋಗಿದೆ ಎಂದು ನಾನು ಹೇಳಲಾರೆ. ಇತ್ತು. ಅದೇ ಜಾಗದಲ್ಲಿ ಇತ್ತು.

ಒಂದು ಕಡೆ ಇಳಿಯುವಾಗ ಅವನು ಸ್ವರ ತಪ್ಪಿದ, ಕೂದಲೆಳೆಯಷ್ಟು. ನನ್ನ ಕೆನ್ನೆ ತುಂಬಿ ಬಂತು. ಆ ಗಾಳಿಯನ್ನು ತಡೆದುಕೊಂಡೆ. ಒತ್ತು ಏರಲಿಲ್ಲ, ಇದ್ದ ಹಾಗೇ ಹೋಯಿತು.

ಅವನು ಗುನುಗುವುದನ್ನು ನಿಲ್ಲಿಸಿ ನನ್ನನ್ನು ನೋಡಿದ.

"ಎಂತ ಅಣ್ಣಯ್ಯ, ನಾ ತಪ್ಪಿದ್ದ್ ಕೆಮಿಗ್ ಕೇಂಡ್ಲಿಲ್ಯಾ?"

ಒತ್ತನ್ನು ಬಾಯಿಂದ ತೆಗೆದೆ.

"ಕೇಂಡಿತ್" ಎಂದೆ.

ಅವನು ಮತ್ತೆ ಅಲ್ಲಿಂದಲೇ ಶುರು ಮಾಡಿದ.